‘ಇದು ಸುಂದರವಾದ ಚಿತ್ರ’: ಹತ್ತನೆಯ ತರಗತಿಯ ಇಂಗ್ಲಿಷ್ ಪರೀಕ್ಷೆಗೆ ಮಕ್ಕಳನ್ನು ಅಣಿಗೊಳಿಸುವ ಬಗೆ

(ಮಂಡ್ಯದ ಶಾಲೆಯೊಂದರ ಸಭಾಂಗಣದಲ್ಲಿ ಇಂಗ್ಲಿಷ್ ಶಿಕ್ಷಕರು ಮತ್ತು ಪೋಷಕರ ಎದುರು ಆಡಿದ ಮಾತುಗಳ ಬರಹ ರೂಪ. ಸ್ವಾಗತ, ಹಾರ, ಶಾಲು ಎಲ್ಲವನ್ನೂ ಬಿಟ್ಟಿದ್ದೇನೆ.)

ಒಂದು ಉತ್ತರಪತ್ರಿಕೆಯಿಂದ ಶುರು ಮಾಡುತ್ತೇನೆ. ನಾನು ಕೆಲಸ ಮಾಡುತ್ತಿದ್ದ ಶಾಲೆಯ ಪೂರ್ವಸಿದ್ಧತಾ ಪರೀಕ್ಷೆ. ಚಿತ್ರ ನೋಡಿ ನಾಲ್ಕೈದು ವಾಕ್ಯ ಬರೆಯಿರಿ ಎಂಬ ಪ್ರಶ್ನೆ. ಚಿತ್ರದಲ್ಲಿ ಲಾರಿಯ ಮುಂದೆ ಬೈಕು ಬಿದ್ದಿದೆ, ರಸ್ತೆಯ ಮೇಲೆ ಒಬ್ಬ ಮಲಗಿದ್ದಾನೆ, ಸುತ್ತ ಜನ, ದೂರದಲ್ಲಿ ಆಂಬುಲೆನ್ಸ್. ನಮ್ಮ ಹುಡುಗಿಯೊಬ್ಬಳು ದುಂಡಗಿನ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದಳು. ಅದರ ಕನ್ನಡ ಇಷ್ಟು: ‘ಇದು ಸುಂದರವಾದ ಚಿತ್ರ. ಈ ಚಿತ್ರದಲ್ಲಿ ಅನೇಕ ವಸ್ತುಗಳಿವೆ. ಜನರು ಸಂತೋಷವಾಗಿದ್ದಾರೆ. ಈ ಚಿತ್ರ ನನಗೆ ತುಂಬಾ ಇಷ್ಟ.’ ಒಂದೇ ಒಂದು ಕಾಗುಣಿತದ ತಪ್ಪಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕೆವು. ನಾನೂ ನಕ್ಕೆ. ಮನೆಗೆ ಹೋಗುವ ಬಸ್ಸಿನಲ್ಲಿ ಕೂತಾಗ ನಗು ನಿಂತಿತು. ಆ ನಾಲ್ಕು ವಾಕ್ಯಗಳು ನನ್ನವು. ಜನವರಿಯಲ್ಲಿ ಬೋರ್ಡಿನ ಮೇಲೆ ಬರೆದು, ‘ಯಾವ ಚಿತ್ರ ಬೇಕಾದರೂ ಬರಲಿ, ಇವನ್ನು ಬರೆದು ಬನ್ನಿ, ಅರ್ಧ ಅಂಕಕ್ಕೆ ಮೋಸವಿಲ್ಲ’ ಎಂದು ಹೇಳಿದ್ದವನು ನಾನೇ. ಅವಳು ಗುರುಗಳ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದಳು.

ಮಾರನೆಯ ದಿನ ಕರೆದು, ಚಿತ್ರದಲ್ಲಿ ಏನಿದೆಯಮ್ಮಾ ಎಂದು ಕನ್ನಡದಲ್ಲಿ ಕೇಳಿದೆ. ‘ಆಕ್ಸಿಡೆಂಟ್ ಸಾರ್. ನಮ್ಮೂರ ಗೇಟಿನ ಹತ್ತಿರವೂ ಹೀಗೆಯೇ ಆಗಿತ್ತು. ಹೆಲ್ಮೆಟ್ ಹಾಕಿರಲಿಲ್ಲ’ ಎಂದಳು. ಗಮನಿಸಿ, ಅವಳ ಕನ್ನಡದ ಉತ್ತರದಲ್ಲೇ ಆಕ್ಸಿಡೆಂಟ್, ಗೇಟ್, ಹೆಲ್ಮೆಟ್ ಎಂಬ ಮೂರು ಇಂಗ್ಲಿಷ್ ಪದಗಳಿದ್ದವು. ಹೇಳಲು ವಿಷಯವಿತ್ತು, ಪದವಿತ್ತು, ಮರುಕವೂ ಇತ್ತು. ಅವನ್ನೆಲ್ಲ ನನ್ನ ರೆಡಿಮೇಡ್ ವಾಕ್ಯಗಳು ಒಳಗೇ ಕೂಡಿಹಾಕಿದ್ದವು.

ಇಂದು ನಾನು ಹೇಳಬೇಕೆಂದಿರುವುದು ಇದರ ಸುತ್ತಲೇ ಇದೆ. ಮಗು ತಾನೇ ಕಟ್ಟಿದ ಒಂದು ವಾಕ್ಯ, ಸೊಟ್ಟಗಿದ್ದರೂ ಸರಿ, ದಿನಕ್ಕೊಂದರಂತೆ ಜೂನ್‌ನಿಂದ ಬರೆಯುತ್ತಾ ಬಂದರೆ ಅದಕ್ಕಿಂತ ಒಳ್ಳೆಯ ಪರೀಕ್ಷಾ ಸಿದ್ಧತೆ ನನಗೆ ಗೊತ್ತಿಲ್ಲ.

ಹಾಗೆಂದು ಪಾಸಾಗುವಷ್ಟು ಅಂಕಕ್ಕೆಂದೇ ಆಯ್ದು ಕಟ್ಟಿದ ಪ್ರಶ್ನೋತ್ತರಗಳ ಕಂತೆಯನ್ನು, ‘ಪಾಸಿಂಗ್ ಪ್ಯಾಕೇಜ್’ ಎನ್ನುವುದನ್ನು ಬೈದು ಚಪ್ಪಾಳೆ ಗಿಟ್ಟಿಸಲು ನಾನು ಬಂದಿಲ್ಲ. ನಾನೇ ವರ್ಷಗಟ್ಟಲೆ ಅದನ್ನು ಜೆರಾಕ್ಸ್ ಮಾಡಿಸಿ ಹಂಚಿದ್ದೇನೆ. ದ್ವಿತೀಯ ಭಾಷೆ ಇಂಗ್ಲಿಷಿಗೆ 100 ಅಂಕ. ಅದರಲ್ಲಿ 20 ಆಂತರಿಕ, ಉಳಿದ 80 ಲಿಖಿತ. ಫೆಬ್ರುವರಿಯಲ್ಲಿ ನಿಮ್ಮ ಮುಂದೆ ಕೂತ ಹುಡುಗನಿಗೆ ಇಂಗ್ಲಿಷ್ ಓದಲೇ ಬಾರದಿದ್ದರೆ, ಪದ್ಯದ ಸಾಲು ಬಾಯಿಪಾಠ ಮಾಡಿಸುತ್ತೀರಿ, ಪತ್ರದ ಚೌಕಟ್ಟು ತಿದ್ದಿಸುತ್ತೀರಿ, ಸುಳಿವುಗಳನ್ನು ಕೊಟ್ಟು ವ್ಯಕ್ತಿಯ ಪರಿಚಯ ಬರೆಸುವ ಪ್ರಶ್ನೆಯನ್ನು ಹತ್ತು ಸಲ ಮಾಡಿಸುತ್ತೀರಿ. ಮುಳುಗುವವನಿಗೆ ಈಜು ಕಲಿಸುವ ಹೊತ್ತಲ್ಲ ಅದು, ಹಗ್ಗ ಎಸೆಯುವ ಹೊತ್ತು. ಎಸೆಯಲೇಬೇಕು. ನನ್ನ ತಕರಾರಿರುವುದು ಜೂನ್ ತಿಂಗಳಲ್ಲೇ ಹಗ್ಗ ಹಿಡಿದು ದಡದಲ್ಲಿ ನಿಲ್ಲುವವರ ಬಗ್ಗೆ. ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಇದೆ. ಅದಕ್ಕೆ ಮೊದಲು ಐದರಿಂದ ಇತ್ತು. ಅಂದರೆ ಈಗ ಹತ್ತಕ್ಕೆ ಬರುವ ಮಗು ಒಂಬತ್ತು ವರ್ಷ ಇಂಗ್ಲಿಷ್ ಪುಸ್ತಕ ಹೊತ್ತಿದೆ. ಅಷ್ಟು ಹೊತ್ತ ಮೇಲೂ ನಾಲ್ಕು ವಾಕ್ಯಕ್ಕೆ ನಮ್ಮನ್ನೇ ಕಾಯಬೇಕೇ?

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್ ಕಾಸ್ಟಿಂಗ್, ಅಂದರೆ ನಕಲು ತಡೆಯಲು ಕ್ಯಾಮೆರಾ ಇಟ್ಟು ದೂರದಿಂದಲೇ ನೋಡುವ ವ್ಯವಸ್ಥೆ, ಬಂತು. ಆ ವರ್ಷ ಕೃಪಾಂಕವನ್ನು ಹೆಚ್ಚಿಸಿಯೂ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಹಿಂದಿನ ವರ್ಷ ಅದು ಶೇ 83.89 ಇತ್ತು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಇಲ್ಲಿ ಕೂತಿರುವ ಶಿಕ್ಷಕರಿಗೆಲ್ಲ ಅರ್ಥವಾಗುತ್ತದೆ.

ಈಗ ಮಗು ಎಲ್ಲಿ ಎಡವುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪಾಠ ಗೊತ್ತಿದ್ದರೂ ಉತ್ತರ ತಪ್ಪುವ ಮಕ್ಕಳನ್ನು ನೀವು ಕಂಡಿದ್ದೀರಿ. ‘ಅವನು ಹೇಗೆ ತಪ್ಪಿಸಿಕೊಂಡ’ ಎಂದು ಪ್ರಶ್ನೆ ಕೇಳಿದರೆ ಹುಡುಗ ಒಬ್ಬ ಮನುಷ್ಯನ ಹೆಸರು ಬರೆದಿರುತ್ತಾನೆ. ನಾವು ದೊಡ್ಡ ಸೊನ್ನೆ ಹಾಕಿ ‘ಓದಿಲ್ಲ’ ಎನ್ನುತ್ತೇವೆ. ಅವನು ಓದಿದ್ದಾನೆ. ‘ಹೌ’ ಎಂಬುದನ್ನು ‘ಹೂ’ ಎಂದು ಓದಿದ್ದಾನೆ. ಎರಡರಲ್ಲೂ ಇರುವುದು ಎಚ್, ಒ, ಡಬ್ಲ್ಯು ಎಂಬ ಅವೇ ಮೂರು ಅಕ್ಷರ, ಜಾಗ ಮಾತ್ರ ಅದಲು ಬದಲು. ಕನ್ನಡದ ಕಿವಿಗಂತೂ ಒಂದು ಹೂವು, ಇನ್ನೊಂದು ಹೌದು. ‘ಯಾರು’, ‘ಹೇಗೆ’ ಎಂಬ ಪದಗಳು ಒಂದಕ್ಕೊಂದು ಎಲ್ಲಿಯೂ ಹೋಲದ ಭಾಷೆಯಿಂದ ಬಂದ ಮಗುವಿಗೆ ಈ ಮೂರಕ್ಷರದ ಆಟ ಮೋಸವೆಂದೇ ಅನ್ನಿಸುತ್ತದೆ.

ಒಂದು ವರ್ಷ ಜೂನ್‌ನ ಮೊದಲ ವಾರ ನಾನು ಪಾಠವನ್ನೇ ಮುಟ್ಟಲಿಲ್ಲ. ಬರೀ ಪ್ರಶ್ನೆಪದಗಳು. ಪ್ರಶ್ನೆ ಓದಿ, ಉತ್ತರ ಬೇಡ, ಉತ್ತರ ಎಂಥದ್ದು ಎಂದಷ್ಟೇ ಹೇಳಿ ಎನ್ನುತ್ತಿದ್ದೆ. ಹುಡುಗರು ‘ಆಳು ಸಾರ್’, ‘ಜಾಗ ಸಾರ್’, ‘ಹೊತ್ತು ಸಾರ್’, ‘ಕಾರಣ ಸಾರ್’ ಎಂದು ಕೂಗುತ್ತಿದ್ದರು. ಪಕ್ಕದ ಕೊಠಡಿಯ ಗಣಿತದ ಮೇಡಂ ಬಂದು, ಸಂತೆ ನಡೆಸುತ್ತಿದ್ದೀರಾ ಎಂದು ಕೇಳಿದರು. ಪರಿವೀಕ್ಷಣೆಗೆ ಬಂದ ಅಧಿಕಾರಿಯೊಬ್ಬರು, ಪಾಠ ಯೋಜನೆಯಲ್ಲಿ ಇದು ಎಲ್ಲಿದೆ ಎಂದರು. ಇರಲಿಲ್ಲ.

ಇನ್ನೊಂದು ಎಡವು ವಾಕ್ಯದ್ದು. ‘ಅವನು ರೈತ’ ಎನ್ನುತ್ತೇವೆ. ಅದರಲ್ಲಿ ಕ್ರಿಯಾಪದವೇ ಇಲ್ಲ, ಆದರೂ ಪೂರ್ಣ ವಾಕ್ಯ. ಆದ್ದರಿಂದ ಮಗು ‘ಹಿ ಫಾರ್ಮರ್’ ಎಂದು ಬರೆಯುತ್ತದೆ. ‘ನಿನ್ನೆ ಬಂದಳು’ ಎಂದರೆ ಬಂದವಳು ಹೆಣ್ಣು, ಒಬ್ಬಳೇ, ನಾನಲ್ಲ, ನೀನಲ್ಲ ಎಂಬುದೆಲ್ಲ ಆ ‘ಅಳು’ ಪ್ರತ್ಯಯದಲ್ಲೇ ಕೂತಿದೆ. ಆದ್ದರಿಂದ ಮಗು ‘ಷಿ’ ಎಂಬುದನ್ನು ನುಂಗಿ ‘ಕೇಮ್ ಎಸ್ಟರ್‌ಡೇ’ ಎಂದು ಬರೆಯುತ್ತದೆ. ಇವು ಬುದ್ಧಿಯ ಕೊರತೆಯಲ್ಲ, ಕನ್ನಡ ಚೆನ್ನಾಗಿ ಬರುತ್ತದೆ ಎಂಬುದಕ್ಕೆ ಸಾಕ್ಷಿ. ಕೆಂಪು ಶಾಯಿಯಲ್ಲಿ ಬರೀ ಗೀಟು ಎಳೆಯುವ ಬದಲು, ‘ಇಂಗ್ಲಿಷಿನವನಿಗೆ ಬಾಲದಲ್ಲಿ ಹೇಳಲು ಬರುವುದಿಲ್ಲ, ತಲೆಯಲ್ಲೇ ಹೇಳಬೇಕು’ ಎಂದು ಒಮ್ಮೆ ವಿವರಿಸಿ ನೋಡಿ. ಮಕ್ಕಳು ನಗುತ್ತಾರೆ. ನಕ್ಕಿದ್ದು ನೆನಪಿರುತ್ತದೆ.

ಉಚ್ಚಾರಾಂಶ ಎಣಿಸುವ ಒಂದಂಕದ ಪ್ರಶ್ನೆ ನಿಮಗೆ ಗೊತ್ತೇ ಇದೆ. ಒಂದೇ ಉಚ್ಚಾರಾಂಶವಿರುವ ಪದ ಆರಿಸು ಎಂದರೆ ಮಕ್ಕಳು ಅಲ್ಲೂ ಸೋಲುತ್ತಾರೆ. ಲಘು ಗುರು ಹಾಕಿ ಮಾತ್ರೆ ಎಣಿಸಬಲ್ಲ ಮಕ್ಕಳು! ಕಾರಣ ನಮ್ಮ ಬಾಯಿ. ನಾವು ‘ಬಸ್ಸು’ ಎನ್ನುತ್ತೇವೆ, ಎರಡು ಚಪ್ಪಾಳೆ. ಇಂಗ್ಲಿಷಿನವನಿಗೆ ಅದು ಒಂದೇ. ನಮ್ಮ ಕಡೆ ‘ಇಸ್ಕೂಲು’ ಎನ್ನುತ್ತಾರೆ, ಮೂರು ಚಪ್ಪಾಳೆ. ಅದೂ ಅಲ್ಲಿ ಒಂದೇ. ಬುಕ್ಕು, ಪೆನ್ನು, ಬೆಂಚು, ಲೈಟು, ಎಲ್ಲಕ್ಕೂ ನಾವು ಕೊನೆಯಲ್ಲಿ ಉಕಾರದ ಒಂದು ಬಾಲ ಕೊಟ್ಟಿದ್ದೇವೆ. ಬಾಲ ಕತ್ತರಿಸಿ ಚಪ್ಪಾಳೆ ಹೊಡೆಯಿರಿ ಎಂದರೆ ಒಂದು ತರಗತಿಯಲ್ಲಿ ಮುಗಿಯುತ್ತದೆ. ಮನೆಯಲ್ಲಿ ‘ಬಸ್ಸು’ ಎನ್ನುವುದನ್ನು ಬಿಡಬೇಡಿ ಎಂದೂ ಹೇಳುತ್ತಿದ್ದೆ, ಅದು ಕನ್ನಡದ ಪದ.

ಕರ್ಮಣಿ ಪ್ರಯೋಗದ ಕತೆ ಸ್ವಲ್ಪ ಉದ್ದ. ಅವಸರವಿದ್ದವರು ಕಾಫಿ ಕುಡಿದು ಬರಬಹುದು.

ಪಾಂಡವಪುರದ ಕಡೆಯ ಒಬ್ಬ ಹುಡುಗ. ಮನೆಯಲ್ಲಿ ಆಲೆಮನೆ. ಬೆಲ್ಲದ ಕೆಲಸ ಜೋರಾದಾಗ ಶಾಲೆಗೆ ಚಕ್ಕರ್. ಬಂದ ದಿನ ಹಿಂದಿನ ಬೆಂಚಿನಲ್ಲಿ ತೂಕಡಿಕೆ, ಮೈಯೆಲ್ಲ ಹೊಗೆಯ ವಾಸನೆ. ನಾನು ಬೋರ್ಡಿನ ಮೇಲೆ ಎಲ್ಲ ಮೇಷ್ಟರಂತೆ ರಾಮ ರಾವಣನನ್ನು ಕೊಂದನು, ರಾವಣನು ರಾಮನಿಂದ ಕೊಲ್ಲಲ್ಪಟ್ಟನು ಎಂದು ಬರೆಯುತ್ತಿದ್ದೆ. ‘ಕೊಲ್ಲಲ್ಪಟ್ಟನು’ ಎಂದು ನಮ್ಮ ಜಿಲ್ಲೆಯಲ್ಲಿ ಯಾವನೂ ಮಾತನಾಡುವುದಿಲ್ಲ. ಇಂಗ್ಲಿಷಿನ ಕಷ್ಟ ಬಿಡಿಸಲು ನಾವು ಕನ್ನಡಕ್ಕೂ ಒಂದು ಕಷ್ಟ ತಂದಿಟ್ಟಿರುತ್ತೇವೆ.

ಒಂದು ದಿನ ಅವನನ್ನು ಎಬ್ಬಿಸಿ, ಬೆಲ್ಲ ಹೇಗೆ ಮಾಡುತ್ತಾರೆ ಹೇಳು ಎಂದೆ. ಬೈಯುತ್ತೇನೆ ಎಂದುಕೊಂಡನೋ ಏನೋ, ಮೊದಲು ಸುಮ್ಮನೆ ನಿಂತ. ಆಮೇಲೆ ಶುರುವಾಯಿತು. ಕಬ್ಬು ಕಡಿಯುತ್ತಾರೆ. ಗಾಣಕ್ಕೆ ಕೊಡುತ್ತಾರೆ. ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಬಿಟ್ಟು ಕಾಯಿಸುತ್ತಾರೆ. ಸುಣ್ಣ ಹಾಕುತ್ತಾರೆ, ಮಡ್ಡಿ ಮೇಲೆ ಬರುತ್ತದೆ, ಅದನ್ನು ತೆಗೆಯುತ್ತಾರೆ. ಪಾಕ ಬಂದ ಮೇಲೆ ಇಳಿಸಿ ಅಚ್ಚಿಗೆ ಹಾಕುತ್ತಾರೆ. ಅಚ್ಚು ಬೇಡವೆಂದರೆ ಬಕೆಟ್ಟಿಗೆ. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆಯನ್ನೇ ಹಾಕುತ್ತಾರೆ. (ಪಾಕ ಬಂದಿದ್ದು ಹೇಗೆ ಗೊತ್ತಾಗುತ್ತದೆ ಎಂದು ಹುಡುಗಿಯೊಬ್ಬಳು ನಡುವೆ ಕೇಳಿದಳು. ತಣ್ಣೀರಿಗೆ ಒಂದು ತೊಟ್ಟು ಹಾಕಿ ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ ಎಂದ. ಆ ಹೊತ್ತಿನಲ್ಲಿ ತರಗತಿಗೆ ಅವನೇ ಮೇಷ್ಟ್ರು.)

‘ಕಡಿಯುತ್ತಾರೆ ಎಂದೆಯಲ್ಲ, ಯಾರು ಕಡಿಯುತ್ತಾರೆ?’ ಎಂದು ಕೇಳಿದೆ. ‘ಯಾರೋ ಸಾರ್, ಆಳುಗಳು. ಯಾರಾದರೇನು, ಕಬ್ಬು ಕಡಿಯಬೇಕು ಅಷ್ಟೇ’ ಎಂದ. ಪಾಠ ಅಲ್ಲಿಗೆ ಮುಗಿದಿತ್ತು. ಮಾಡುವವನು ಯಾರಾದರೇನು ಎನ್ನುವ ಕಡೆ ಕನ್ನಡ ‘ಕಡಿಯುತ್ತಾರೆ’ ಎಂದು ಹೆಸರಿಲ್ಲದ ಬಹುವಚನ ಹಾಕಿ ಮುಂದೆ ಹೋಗುತ್ತದೆ. ಇಂಗ್ಲಿಷ್ ಅಂಥ ಕಡೆ ಕಬ್ಬನ್ನೇ ಮುಂದೆ ತಂದು ನಿಲ್ಲಿಸುತ್ತದೆ. ಆಮೇಲೆ ‘ಈಸ್’, ಆಮೇಲೆ ಕ್ರಿಯಾಪದದ ಮೂರನೆಯ ರೂಪ. ‘ಕೇನ್ ಈಸ್ ಕಟ್’ ಎಂದು ನಾನು ಮೊದಲನೆಯದನ್ನು ಬರೆದೆ. ಎರಡನೆಯದನ್ನು ಅವನೇ ಹೇಳಿದ, ‘ಜ್ಯೂಸ್ ಈಸ್ ಬಾಯಿಲ್ಡ್’. ಮೂರನೆಯದಕ್ಕೆ ಬಂದಾಗ ಮಡ್ಡಿಗೆ ಅವನ ಬಳಿ ಇಂಗ್ಲಿಷ್ ಪದವಿರಲಿಲ್ಲ, ನಿಜ ಹೇಳಬೇಕೆಂದರೆ ನನ್ನ ಬಳಿಯೂ ಇರಲಿಲ್ಲ. ನಿಘಂಟು ತೆಗೆದರೆ ‘ಸ್ಕಮ್’ ಎಂದಿತ್ತು. ‘ಡರ್ಟ್ ಅಂದರೆ ಸಾಕಲ್ಲವೇ ಸಾರ್’ ಎಂದ. ಸಾಕು. ಗೊತ್ತಿಲ್ಲದ ಪದಕ್ಕೆ ಗೊತ್ತಿರುವ ಪದವನ್ನು ನಿಲ್ಲಿಸಿ ದಾಟಿಕೊಳ್ಳುವ ಈ ಉಪಾಯ ಪರೀಕ್ಷೆಯ ಕೊಠಡಿಯಲ್ಲಿ ಬಲು ದೊಡ್ಡದು, ಮತ್ತು ಅದನ್ನು ಯಾವ ಗೈಡಿನಲ್ಲೂ ಅಚ್ಚು ಹಾಕಲಾಗದು. ಆಮೇಲೆ ಅವನು ಕೇಳಿದ: ‘ಬಾಯಿಲ್‌ಗೆ ಬಾಯಿಲ್ಡ್ ಆಯಿತು, ಕಟ್‌ಗೆ ಯಾಕೆ ಕಟ್ಟೆಡ್ ಆಗಲಿಲ್ಲ?’ ಮೂರು ವರ್ಷದಲ್ಲಿ ಅವನು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು.

ಸೋಲುವ ಮಕ್ಕಳ ವಿಷಯ ಬಂದಾಗ ನನಗೆ ಮೈಸೂರಿನ ಆರ್.ಕೆ. ನಾರಾಯಣ್ ನೆನಪಾಗುತ್ತಾರೆ. ಹತ್ತನೆಯ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ಅವರ ಪಾಠವನ್ನು ನಾನು ವರ್ಷವರ್ಷ ಹೇಳಿದ್ದೇನೆ. ಹೈಸ್ಕೂಲಿನ ಮುಖ್ಯೋಪಾಧ್ಯಾಯರ ಮಗ, ಯಾದವಗಿರಿಯ ಅವರ ಮನೆ ಈಗ ವಸ್ತುಸಂಗ್ರಹಾಲಯ. ಅವರು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಮೊದಲ ಸಲ ನಪಾಸಾದರು. ಒಂದು ವರ್ಷ ಮನೆಯಲ್ಲಿ ಕೂತು ಓದಿದರು, ಬರೆದರು, 1926ರಲ್ಲಿ ಪಾಸಾಗಿ ಮಹಾರಾಜ ಕಾಲೇಜು ಸೇರಿದರು. ಈಗ ನಮ್ಮ ಮಕ್ಕಳಿಗೆ ಅದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ. ಅವರಿಗೆ ಒಂದು ವರ್ಷದ ಪುರುಸೊತ್ತು ಸಿಕ್ಕಿತ್ತು. ಯಾವುದು ಮೇಲು ಎಂದು ನಾನು ಹೇಳಲಾರೆ.

ಅದೇ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು ನಮ್ಮ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮೂಲದವರು. ನಮ್ಮ ಎಷ್ಟೋ ಶಾಲೆಗಳ ಪ್ರಾರ್ಥನೆಯಲ್ಲಿ ‘ಕರುಣಾಳು ಬಾ ಬೆಳಕೆ’ ಹಾಡುತ್ತಾರೆ. ಅದು ಇಂಗ್ಲಿಷಿನ ನ್ಯೂಮನ್ 1833ರಲ್ಲಿ ಬರೆದ ಪದ್ಯಕ್ಕೆ ಬಿಎಂಶ್ರೀ ಕೊಟ್ಟ ಕನ್ನಡ ರೂಪ ಎಂದು ಮಕ್ಕಳಿಗೆ ಹೇಳಿ, ಎರಡನ್ನೂ ಅಕ್ಕಪಕ್ಕ ಬೋರ್ಡಿನ ಮೇಲೆ ಬರೆದು ನೋಡಿ. ಬಾಯಿಪಾಠದ ಪದ್ಯಕ್ಕೆ ಅರ್ಥ ಹುಡುಕುವ ಅಭ್ಯಾಸಕ್ಕೆ ಇದಕ್ಕಿಂತ ಸುಲಭದ ಮೆಟ್ಟಿಲಿಲ್ಲ. ಕನ್ನಡ ಮೊದಲೇ ಬಾಯಲ್ಲಿರುತ್ತದೆ, ಇಂಗ್ಲಿಷ್ ಸಾಲಿನಲ್ಲಿ ‘ಬೆಳಕು’ ಎಲ್ಲಿದೆ, ‘ಕರುಣೆ’ ಎಲ್ಲಿದೆ ಎಂದು ಅವರೇ ಬೆರಳಿಡುತ್ತಾರೆ.

ಇನ್ನು ದೂರದ ಒಂದು ಊರಿಗೆ ಹೋಗಿ ಬರೋಣ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿದ್ದಾಳೆ. ಅವಳ ಮಗಳು ಬರೆದ ಇಂಗ್ಲಿಷ್ ಪರೀಕ್ಷೆಯ ಬಗ್ಗೆ ಫೋನಿನಲ್ಲಿ ಹೇಳುತ್ತಿದ್ದಳು. ಅಲ್ಲಿ ಅದಕ್ಕೆ ರೀಜೆಂಟ್ಸ್ ಎಂದು ಹೆಸರು, 1865ರಿಂದ ನಡೆದು ಬಂದ ಪದ್ಧತಿ. ಇಂಗ್ಲಿಷ್ ಪತ್ರಿಕೆಗೆ ಮೂರು ಗಂಟೆ, ಮೂರು ಭಾಗ. ಮೊದಲ ಭಾಗದಲ್ಲಿ ಬರಹಗಳನ್ನು ಕೊಟ್ಟು 24 ಬಹುಆಯ್ಕೆಯ ಪ್ರಶ್ನೆ. ಎರಡನೆಯದರಲ್ಲಿ ಒಂದು ವಿವಾದದ ವಿಷಯ ಮತ್ತು ಅದರ ಬಗ್ಗೆ ನಾಲ್ಕು ಬರಹ. ಅವುಗಳಲ್ಲಿ ಕಡಿಮೆಯೆಂದರೆ ಮೂರರಿಂದ ಆಧಾರ ಎತ್ತಿಕೊಂಡು ನಿನ್ನ ಪಕ್ಷ ಯಾವುದೆಂದು ವಾದಿಸು. ಮೂರನೆಯದರಲ್ಲಿ ಒಂದು ಬರಹದ ಮುಖ್ಯ ವಿಚಾರವೇನು, ಬರೆದವನು ಅದನ್ನು ಯಾವ ತಂತ್ರದಿಂದ ಸಾಧಿಸಿದ್ದಾನೆ ಎಂದು ಎರಡು ಮೂರು ಪ್ಯಾರಾ. ತರಗತಿಯಲ್ಲಿ ಓದಿದ ಪಾಠ ಬರುತ್ತದೆಂದು ನಂಬಿ ಹೋಗುವಂತಿಲ್ಲ. ಓದಬೇಕಾದದ್ದೆಲ್ಲ ಪತ್ರಿಕೆಯಲ್ಲೇ ಇರುತ್ತದೆ. ‘ಹಾಗಾದರೆ ಅಲ್ಲಿ ಮಕ್ಕಳು ಬಾಯಿಪಾಠ ಮಾಡುವುದು ಏನನ್ನು?’ ಎಂದು ನಾನು ಪೆದ್ದನಂತೆ ಕೇಳಿದೆ. ಅವಳು ನಕ್ಕು, ‘ಪ್ರಬಂಧದ ಚೌಕಟ್ಟನ್ನು ಸಾರ್’ ಎಂದಳು. ಎಲ್ಲ ಊರ ದೋಸೆಯೂ ತೂತೇ.

ಅವರ ಪತ್ರಿಕೆಯನ್ನು ನಮ್ಮ ಮಕ್ಕಳ ಮುಂದಿಟ್ಟರೆ ಅನ್ಯಾಯ. ಅಲ್ಲಿ ಇಂಗ್ಲಿಷ್ ಬೀದಿಯಲ್ಲೇ ಸಿಗುತ್ತದೆ, ನಮ್ಮ ಮಕ್ಕಳಿಗೆ ಅದು ನಲವತ್ತು ನಿಮಿಷದ ಒಂದು ಪೀರಿಯಡ್. ಆದರೆ ಅಲ್ಲಿಂದ ಒಂದು ಅಭ್ಯಾಸವನ್ನು ನಾನು ಕಡ ತಂದೆ: ಉತ್ತರ ಹೇಳಿದವನು ಸಾಲು ತೋರಿಸಬೇಕು. ನಮ್ಮ ಪತ್ರಿಕೆಯಲ್ಲೂ ಅಪಠಿತ ಗದ್ಯಭಾಗ, ಅಂದರೆ ಪಾಠದಲ್ಲಿಲ್ಲದ ಗದ್ಯವನ್ನು ಅಲ್ಲೇ ಓದಿ ಉತ್ತರಿಸುವ ಪ್ರಶ್ನೆ, ಇದೆಯಲ್ಲ, ಅಲ್ಲಿ ಇದನ್ನು ಹಿಡಿದೆ. ವಿಚಿತ್ರ ನೋಡಿ, ಇಡೀ ಪತ್ರಿಕೆಯಲ್ಲಿ ಉತ್ತರವನ್ನು ಕಣ್ಣೆದುರೇ ಅಚ್ಚು ಮಾಡಿ ಕೊಟ್ಟಿರುವ ಪ್ರಶ್ನೆ ಅದು. ನಮ್ಮ ಮಕ್ಕಳು ‘ಇದನ್ನು ಮೇಷ್ಟ್ರು ಮಾಡಿಸಿಲ್ಲ’ ಎಂದು ಅದನ್ನೇ ಬಿಟ್ಟು ಬರುತ್ತಾರೆ. ಪೆನ್ಸಿಲ್ ಕೊಟ್ಟು, ಉತ್ತರ ಬರೆಯಬೇಡ, ಉತ್ತರವಿರುವ ಸಾಲಿನ ಕೆಳಗೆ ಗೆರೆ ಎಳೆ ಎಂದೆ. ಮೊದಲ ವಾರ ಇಡೀ ಪ್ಯಾರಾಕ್ಕೆ ಗೆರೆ ಬಿತ್ತು. ದಸರಾ ರಜೆ ಮುಗಿಸಿ ಬರುವ ಹೊತ್ತಿಗೆ ಬಹುಪಾಲು ಮಕ್ಕಳ ಗೆರೆ ಒಂದೂವರೆ ಸಾಲಿಗೆ ಇಳಿದಿತ್ತು. ಬರೆಯಲು ಹೇಳಿದ್ದು ಆಮೇಲೆ.

ಪ್ರಶ್ನೆಪತ್ರಿಕೆ ಓದಿಕೊಳ್ಳಲು ಕೊಡುವ 15 ನಿಮಿಷದ ಬಗ್ಗೆ ಒಂದು ಮಾತು. ಮಕ್ಕಳು ಆ ಹೊತ್ತನ್ನು ಗಾಬರಿಯಾಗಲು ಬಳಸುತ್ತಾರೆ. ಬರದ ಪ್ರಶ್ನೆಯನ್ನೇ ಹುಡುಕಿ ಹುಡುಕಿ ನೋಡುತ್ತಾರೆ. ಆ ಹೊತ್ತಿಗೆ ಎರಡೇ ಕೆಲಸ ಕೊಡಿ: ಅಪಠಿತ ಗದ್ಯವನ್ನು ಎರಡು ಸಲ ಓದುವುದು, ಚಿತ್ರವನ್ನು ಒಂದು ಸಲ ಸರಿಯಾಗಿ ನೋಡುವುದು. ಸರಿಯಾಗಿ ಎಂದರೆ, ಜನ ನಗುತ್ತಿದ್ದಾರೋ ಅಳುತ್ತಿದ್ದಾರೋ ಎಂದು.

ಕೊನೆಗೆ ಪೋಷಕರು. ನೀವು ಕೇಳುವ ಪ್ರಶ್ನೆ ನನಗೆ ಗೊತ್ತು: ‘ನಮಗೆ ಇಂಗ್ಲಿಷ್ ಬರುವುದಿಲ್ಲ ಸಾರ್, ನಾವೇನು ಮಾಡುವುದು?’ ಒಬ್ಬ ತಾಯಿಗೆ ನಾನು ಹೇಳಿದ್ದು ಇಷ್ಟೇ. ನೀವು ಸೊಪ್ಪು ಬಿಡಿಸುತ್ತಾ ಕೂತಾಗ ಮಗ ಎದುರು ಕೂತು ಹತ್ತು ನಿಮಿಷ ಇಂಗ್ಲಿಷ್ ಪುಸ್ತಕವನ್ನು ಗಟ್ಟಿಯಾಗಿ ಓದಲಿ, ಆಮೇಲೆ ಓದಿದ್ದು ಏನೆಂದು ಕನ್ನಡದಲ್ಲಿ ನಿಮಗೆ ಹೇಳಲಿ. ತಪ್ಪು ಹಿಡಿಯುವುದು ನಿಮ್ಮ ಕೆಲಸವಲ್ಲ, ಕತೆ ಕೇಳುವುದು ನಿಮ್ಮ ಕೆಲಸ.

ಹದಿನೈದು ದಿನ ಬಿಟ್ಟು ಆಕೆ ಶಾಲೆಗೆ ಬಂದರು. ಹುಡುಗ ಹಿಂದೆ ತಲೆ ತಗ್ಗಿಸಿ ನಿಂತಿದ್ದ. ‘ಮೇಷ್ಟ್ರೇ, ಇವನು ಮೂರು ದಿನದಿಂದ ಒಂದೇ ಪುಟ ಓದುತ್ತಿದ್ದಾನೆ’ ಎಂದರು. ಇಂಗ್ಲಿಷ್ ಬಾರದವರಿಗೆ ಅದು ಹೇಗೆ ಗೊತ್ತಾಯಿತು ಎಂದು ಕೇಳಿದೆ. ‘ಓದುವುದು ನನಗೇನು ತಿಳಿಯುತ್ತದೆ? ಕತೆ ಹೇಳುವಾಗ ಆ ಹುಡುಗಿ ಮೂರು ದಿನದಿಂದಲೂ ರೈಲಿನಿಂದ ಬೀಳುತ್ತಲೇ ಇದ್ದಾಳೆ. ಅವಳನ್ನು ಯಾರಾದರೂ ಎತ್ತಿಕೊಂಡರೋ ಇಲ್ಲವೋ ಎಂದು ನನಗೆ ರಾತ್ರಿ ನಿದ್ದೆಯೇ ಬರುತ್ತಿಲ್ಲ’ ಎಂದರು.

ಹುಡುಗನನ್ನು ಅಲ್ಲೇ ಕೂರಿಸಿ ಮುಂದಿನ ಪುಟ ತೆಗೆಸಿದೆವು. ಆಕೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತರು.